ಏಳನೇ ನಂಬರಿನ ವ್ಯಾಗನ್

ಗಂಡನ ಹಣೆಗೆ ವಿಭೂತಿ ಬಳಿಯುತ್ತಿದ್ದ ವೀರಮ್ಮ ಹಿಂದೆ ಚಕ್ರದ ಸದ್ದು ಕೇಳಿ ತಿರುಗಿದಳು. ಸಾಹುಕಾರ ಧರ್ಮಪ್ಪ ಗೋಡೆಯ ಹಲಗೆಯಿಂದ ಮರದ ಪುಟ್ಟ ವ್ಯಾಗನ್ನುಗಳನ್ನು ಒಂದೊಂದಾಗಿ ಇಳಿಸುತ್ತಿದ್ದ. ಏಕಾಂತಪ್ಪನ ಹೆಣವನ್ನು ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂರಿಸಿ ಇನ್ನೂ ಎರಡು ತಾಸು ಆಗಿರಲಿಲ್ಲ. ಹೊರಗೆ ಹೆಣ ಒಯ್ಯುವ ವಿಮಾನ ಕಟ್ಟಲು ಬಿದಿರು ಸೀಳುತ್ತಿದ್ದರು. ಉರಿಯುವ ಮನೆಯಲ್ಲಿ ಗಳ ಹಿರಿಯುವವನೆಂದರೆ ಇವನೇ ಎಂದು ಅವಳ ಮೈ ಉರಿಯಿತು.

ಭದ್ರಾವತಿಯಲ್ಲಿ ಧರ್ಮಪ್ಪನ ಮರದ ಡಿಪೋದಲ್ಲಿ ಏಕಾಂತಪ್ಪ ಇಪ್ಪತ್ತು ವರ್ಷ ಬಡಗಿಯಾಗಿದ್ದ. ದಿಮ್ಮಿ ಸಾಗಿಸಲು ಸಾಹುಕಾರ ಅಗ್ಗಕ್ಕೆ ತಂದ, ಎಲ್ಲೆಲ್ಲೋ ಓಡಿ ಸವೆದ ಗೂಡ್ಸ್ ವ್ಯಾಗನ್ನುಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಮನೆಗೆ ಬಂದರೆ ಅವನ್ನೇ ಅಡಿಗೆ ಒಂದಂಗುಲದ ಅಳತೆಯಲ್ಲಿ ತೇಗದ ಚೂರುಗಳಿಂದ ಮಾಡುತ್ತಿದ್ದ. ಹೆಂಡತಿ ಕೇಳಿದ ಒಂದು ಮಣೆಗೆ ಮೂರು ವರ್ಷ ಹಿಡಿಯಿತು. ವ್ಯಾಗನ್ನಿನ ಚಿಲಕಕ್ಕಾದರೆ ಊಟ ಬಿಟ್ಟು ಕೂರುತ್ತಿದ್ದ.

ಅವನ್ನೆಲ್ಲ ಧರ್ಮಪ್ಪ ಶಿವಮೊಗ್ಗದ ತನ್ನ ಅಂಗಡಿಯ ಗಾಜಿನ ಬೀರುವಿನಲ್ಲಿ ಇಡುತ್ತಾನಂತೆ. ಈಗ ಉದ್ದ ಹಲಗೆಯೊಂದರ ತುದಿಯನ್ನು ಹೊಸ್ತಿಲ ಮೇಲಿಟ್ಟು ಇಳಿಜಾರು ಮಾಡಿ, ವ್ಯಾಗನ್ ನಿಲ್ಲಿಸಿ, ಬ್ರೇಕಿನ ಹಿಡಿ ಎಳೆದು ಕೈ ಬಿಡುತ್ತಿದ್ದ. ವ್ಯಾಗನ್ ಅಲುಗುತ್ತಿರಲಿಲ್ಲ.

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ನೋಡಿ," ಎಂದು ಬಂದವರಿಗೆ ಹೇಳಿದ. "ದೊಡ್ಡದು ಹೇಗಿತ್ತೋ ಚಿಕ್ಕದೂ ಹಾಗೇ. ಬೇಕಾದ್ರೆ ಆಣೆ ಮಾಡ್ತೀನಿ."

ಬಾಗಿಲಾಚೆ ಪುಷ್ಪಮ್ಮ ಕೂತಿದ್ದಳು. ವೀರಮ್ಮನ ತಮ್ಮ ಜಟ್ಟಪ್ಪನ ವಿಧವೆ. ಅವಳನ್ನು ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

* * *

ಮೂವತ್ತೆಂಟನೇ ಇಸವಿಯಲ್ಲಿ ದಿಮ್ಮಿ ತುಂಬಿದ ಏಳನೇ ನಂಬರಿನ ವ್ಯಾಗನ್ ಇಳಿಜಾರಿನಲ್ಲಿ ಉರುಳಿ ಬಂದು, ಅದರ ಬ್ರೇಕ್ ನೋಡಿಕೊಳ್ಳುತ್ತಿದ್ದ ಜಟ್ಟಪ್ಪನನ್ನು ಅರೆದುಹಾಕಿತ್ತು. ಕುಡಿದು ಬ್ರೇಕ್ ಎಳೆಯುವುದನ್ನೇ ಮರೆತ ಎಂದ ಧರ್ಮಪ್ಪ. ವ್ಯಾಗನ್ ಸರಿಯಾಗಿತ್ತು ಎಂದು ಮಹಜರಿಗೆ ಸಹಿ ಹಾಕಿದವನು ಏಕಾಂತಪ್ಪ. ಬಡಗಿ, ಅದೂ ಸ್ವಂತ ಭಾವ, ಹೇಳಿದ ಮೇಲೆ ಮುಗಿಯಿತಲ್ಲ. ವೀರಮ್ಮನೂ ನಂಬಿದಳು.

"ಬುತ್ತಿ ತಂದಾಗ ನಾನೇ ಕಂಡೆ ಅತ್ತಿಗೆ, ಅವರು ಬ್ರೇಕ್ ಎಳೆದಿದ್ರು," ಎಂದು ಅಳುತ್ತ ಬಂದ ಪುಷ್ಪಮ್ಮನನ್ನು, ಕುಡುಕನ ಪರ ಸುಳ್ಳು ಹೇಳಬೇಡ ಎಂದು ಬೈದು ಬಾಗಿಲಿನಿಂದಲೇ ಅಟ್ಟಿದ್ದಳು. ಡಿಪೋದ ಮನೆ ಬಿಟ್ಟು ಹೊಳಲೂರು ಸೇರಿದವಳು ಏಳು ವರ್ಷದ ಮೇಲೆ ಇವತ್ತೇ ಬಂದದ್ದು.

ಮಾರನೇ ವರ್ಷ ಏಕಾಂತಪ್ಪ ಏಳನೇ ನಂಬರನ್ನೂ ಮಾಡಿದ. ತಮ್ಮನನ್ನು ಕೊಂದದ್ದನ್ನು ಆಟಿಕೆ ಮಾಡಿದನಲ್ಲ ಎಂದು ವೀರಮ್ಮ ಅದನ್ನು ಒಲೆಗೆ ಹಾಕಲು ಹೊರಟರೆ, ಎಂದೂ ಕೈ ಎತ್ತದವನು ಅವಳ ಕೆನ್ನೆಗೆ ಬಾರಿಸಿದ. ಅದನ್ನು ಯಾರೂ ಮುಟ್ಟಕೂಡದು ಎಂದ. ಏಕೆಂದು ಹೇಳಲಿಲ್ಲ.

* * *

ವೀರಮ್ಮ ಎದ್ದು ಏಳನೇ ನಂಬರನ್ನು ತಂದು ಧರ್ಮಪ್ಪನ ಮುಂದೆ ಕುಕ್ಕಿದಳು.

"ಇದನ್ನೂ ತೋರ್ಸಿ ಸಾಹುಕಾರ್ರೇ. ಬ್ರೇಕ್ ಎಳೆದಿದ್ರೆ ನನ್ನ ತಮ್ಮ ಹೇಗೆ ಬದುಕ್ತಿದ್ದ ಅಂತ ಅವನ ಹೆಂಡ್ತೀನೂ ನೋಡ್ಲಿ."

ಆಗಲೂ ಅವಳ ಸಿಟ್ಟು ಪುಷ್ಪಮ್ಮನ ಮೇಲೆಯೇ ಇತ್ತು.

ಧರ್ಮಪ್ಪ ಹಿಡಿ ಎಳೆದು ಕೈ ಬಿಟ್ಟ. ವ್ಯಾಗನ್ ಗಡಗಡನೆ ಇಳಿದು ಹೆಣದ ಮಡಿಸಿದ ಮೊಣಕಾಲಿಗೆ ಬಡಿಯಿತು. ಮತ್ತೊಮ್ಮೆ ಇಟ್ಟ. ಮತ್ತೆ ಉರುಳಿತು. ಮುರಿದಿರಬೇಕು ಎಂದ.

ವೀರಮ್ಮ ಅದನ್ನು ಮಗುಚಿದಳು. ಏನೂ ಮುರಿದಿರಲಿಲ್ಲ. ಉಳಿದವುಗಳಲ್ಲಿ ಚಕ್ರವನ್ನು ಒತ್ತಿ ಹಿಡಿಯುವ ಮರದ ತುಂಡು ಇದರಲ್ಲಿ ಅರ್ಧಕ್ಕರ್ಧ ಸವೆದಂತಿತ್ತು. ಎಷ್ಟು ಎಳೆದರೂ ಚಕ್ರಕ್ಕೆ ತಾಗುತ್ತಿರಲಿಲ್ಲ. ಆ ಸವೆತವನ್ನು ಬೇಕೆಂದೇ ಉಳಿಯಿಂದ ಕೆತ್ತಿ, ನಯ ಮಾಡಿ, ಎಣ್ಣೆ ಹಚ್ಚಲಾಗಿತ್ತು.

ಸಹಿ ಹಾಕುವಾಗಲೇ ಗಂಡನಿಗೆ ಗೊತ್ತಿತ್ತು. ಏಳು ವರ್ಷ ಎದುರಿಗೆ ಕೂತು, ಅವಳು ತಮ್ಮನನ್ನು ಕುಡುಕ ಎಂದು ಶಪಿಸುವುದನ್ನು ಕೇಳುತ್ತ, ಅವಳು ಬಡಿಸಿದ್ದನ್ನು ಉಂಡಿದ್ದ.

"ಹೇಡಿ," ಎಂದಳು ಹೆಣದ ಮುಖ ನೋಡಿ.

ಆಟದ ಸಾಮಾನು ಹಿಡಿದುಕೊಂಡು ರಂಪ ಮಾಡಬೇಡ ಎಂದು ಧರ್ಮಪ್ಪ ಗದರಿದ. ಬಿದಿರು ಸೀಳುತ್ತಿದ್ದ ಡಿಪೋದ ಆಳು ಜಂಬಣ್ಣ ಕತ್ತಿ ಕೆಳಗಿಟ್ಟ.

"ಕೂದಲೆಳೆ ವ್ಯತ್ಯಾಸ ಇಲ್ಲ ಅಂದೋರು ನೀವೇ ಅಲ್ವಾ ಸಾಹುಕಾರ್ರೇ?" ಎಂದ.

"ಬ್ರೇಕ್ ಕೆಟ್ಟಿತ್ತು, ಜಟ್ಟಪ್ಪಂದು ತಪ್ಪಿಲ್ಲ ಅಂತ ಎಲ್ಲರ ಮುಂದೆ ಹೇಳಿ," ಎಂದಳು ವೀರಮ್ಮ. "ಅಲ್ಲೀತನಕ ಈ ಹೆಣ ಏಳಲ್ಲ. ಕೊಳೀಲಿ."

ಬಿಸಿಲು ಏರಿತು. ಧರ್ಮಪ್ಪ ಕೂಗಾಡಿದ, ಆಮೇಲೆ ರಾಜಿಯ ಮಾತಾಡಿದ, ಕೊನೆಗೆ ಎದ್ದು ಹೊರಟ. ಬಾಗಿಲಲ್ಲಿ ನಿಂತಿದ್ದ ಆಳುಗಳು ಪಕ್ಕಕ್ಕೆ ಸರಿಯಲಿಲ್ಲ. ಅವನು ನೆಲ ನೋಡುತ್ತ ಅದನ್ನೇ ಹೇಳಿದ. ಪುಷ್ಪಮ್ಮನಿಗೆ ಕೇಳಿಸಲಿಲ್ಲ ಎಂದು ವೀರಮ್ಮ ಇನ್ನೊಮ್ಮೆ ಹೇಳಿಸಿದಳು.

ವಿಮಾನ ಎದ್ದಿತು. ಹೆಂಗಸರು ಕರೆದರೂ ವೀರಮ್ಮ ಗಂಡನ ಹಿಂದೆ ಹೋಗಲಿಲ್ಲ. ಪುಷ್ಪಮ್ಮನ ಕೈ ಹಿಡಿದು ಒಳಗೆ ತಂದು ಕೂರಿಸಿ, ತನ್ನದು ತಪ್ಪಾಯಿತು ಎಂದಳು.

ಪುಷ್ಪಮ್ಮ ಏಳನೇ ನಂಬರನ್ನು ಹಲಗೆಯ ಮೇಲಿಟ್ಟು, ಹಿಡಿಯನ್ನು ತುದಿಮುಟ್ಟ ಎಳೆದು, ಕೈ ಬಿಟ್ಟಳು. ಅದು ಉರುಳಿ ಕೆಳಗೆ ಕೂತಿದ್ದ ವೀರಮ್ಮನ ಕಾಲಿಗೆ ಬಡಿಯಿತು. ವೀರಮ್ಮ ಎತ್ತಿ ಕೊಟ್ಟಳು. ಪುಷ್ಪಮ್ಮ ಮತ್ತೆ ಇಟ್ಟು, ಬ್ರೇಕ್ ಎಳೆದಳು.