ಪಕ್ಕದ ಮನೆಯ ಜಗಲಿ

ಮಿಲಾಗ್ರಿನಾಳಿಗೆ ಪಕ್ಕದ ಮನೆಯ ಜಗಲಿ ಕಂಡರೆ ಹೊಟ್ಟೆಯುರಿ. ಮಡಗಾಂವಿನ ಆ ಓಣಿಯಲ್ಲಿ ಎರಡು ಮನೆಗೂ ನಡುಗೋಡೆ ಒಂದೇ. ಆದರೆ ರಸ್ತೆಗೆ ಮುಖಮಾಡಿದ, ಗಾಳಿ ಬೀಸುವ ಕಲ್ಲಿನ ಜಗಲಿ ಮಾತ್ರ ಆರ್ಸೆನಿಯಾಳ ಪಾಲು. ಅವಳ ಬಾಡಿಗೆ ಕೋಣೆ ಒಂದು ವಾರವೂ ಖಾಲಿ ಇರುತ್ತಿರಲಿಲ್ಲ. ಮಿಲಾಗ್ರಿನಾಳ ಹಿತ್ತಿಲ ಕೋಣೆಗೆ ಮಳೆಗಾಲದಿಂದಲೂ ಬೀಗ.

ಈಗ ಬಾಡಿಗೆಗೆ ಬರುವವರು ಮನೆ ನೋಡಲು ಬರುವುದಿಲ್ಲ, ದೂರದೂರಿನಲ್ಲಿ ಕುಳಿತು ಫೋಟೊ ನೋಡಿಯೇ ಒಪ್ಪುತ್ತಾರೆ. ಆರ್ಸೆನಿಯಾ ಪ್ರಾರ್ಥನೆಗೆಂದು ಇಗರ್ಜಿಗೆ ಹೋದ ಹೊತ್ತಿನಲ್ಲಿ ಮಿಲಾಗ್ರಿನಾ ಅವಳ ಜಗಲಿಯ ಫೋಟೊ ತೆಗೆದು, ಕೋಣೆ ಹುಡುಕುತ್ತಿದ್ದ ನಾಗಪುರದ ನರ್ಸ್ ತೇಜಲ್‌ಗೆ ಕಳಿಸಿಬಿಟ್ಟಳು.

"ಅದು ನಮ್ಮದಲ್ವಲ್ಲೇ," ಎಂದ ಗಂಡ ಕಾಯ್ತಾನ್.

"ಅವಳೇನು ಜಗಲೀಲಿ ಮಲಗ್ತಾಳಾ? ಬಂದ್ಮೇಲೆ ಅಭ್ಯಾಸ ಆಗುತ್ತೆ ಬಿಡಿ."

ತೇಜಲ್ ಬಂದಳು. ಯಾರನ್ನೂ ಕೇಳದೆ ನೇರ ಆರ್ಸೆನಿಯಾಳ ಜಗಲಿ ಹತ್ತಿ, ಚಪ್ಪಲಿ ಬಿಟ್ಟು, ಕಾಲು ಚಾಚಿ ಕುಳಿತಳು. "ಮಿಲಾಗ್ರಿನಾ ಆಂಟಿ ನೀವೇನಾ? ಜಗಲಿ ಫೋಟೊಗಿಂತ ಚೆನ್ನಾಗಿದೆ," ಎಂದಳು ಆರ್ಸೆನಿಯಾಳಿಗೆ. ಪಾವ್ ಮಾರುವವನು ಸೈಕಲ್ ನಿಲ್ಲಿಸಿ ಕೇಳಿಸಿಕೊಂಡ. ಆಚೆ ಬಾಗಿಲಲ್ಲಿ ನಿಂತಿದ್ದ ಮಿಲಾಗ್ರಿನಾಳಿಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು.

ಹಿತ್ತಿಲ ಕೋಣೆ ನೋಡಿದ ತೇಜಲ್ ಚೀಲ ಕೆಳಗಿಡಲಿಲ್ಲ. "ಕೋಣೆ ಕೆಟ್ಟದ್ದೇನಲ್ಲ ಆಂಟಿ. ಆದ್ರೆ ಬರೋ ಮೊದ್ಲೇ ಸುಳ್ಳು ಹೇಳಿದ ಮನೇಲಿ ಹೇಗಿರ್ಲಿ?" ಎಂದು ಹೊರಟೇಹೋದಳು.

ಸಂಜೆ ಆರ್ಸೆನಿಯಾ ಬಂದಳು.

"ನಗೋಕೆ ಬಂದ್ಯಾ?"

"ನಗು ಮನೇಲೇ ಮುಗಿಸಿ ಬಂದೆ ಕಣೇ."

"ನಿನಗೇನು, ಜಗಲಿ ಇದೆ."

"ಮೊದ್ಲೆಲ್ಲ ಜಗಲಿ ನೋಡಿ ಬಂದವ್ರು ನನ್ನಲ್ಲೂ ನಿಲ್ತಿರ್ಲಿಲ್ಲ. ಇಗರ್ಜಿ ಗಂಟೆ ತಲೆ ಮೇಲೇ ಹೊಡೆದ ಹಾಗಿರುತ್ತಲ್ಲ. ಈಗ ಗಂಟೆ ಹೊಡೆಯೋ ಹೊತ್ತಿಗೇ ವಿಡಿಯೊ ಕರೆ ಮಾಡಿ ಮನೆಯೆಲ್ಲ ತೋರಿಸ್ತೀನಿ. ಬೇಡ ಅನ್ನೋರು ಅಲ್ಲೇ ಬೇಡ ಅಂತಾರೆ. ನಾವೂ ಅವ್ರನ್ನ ನೋಡಿರಲ್ಲ ನೋಡು, ಅದಕ್ಕೆ ಗುರುತಿನ ಚೀಟಿ ನೋಡಿ, ಕರಾರು ಬರೆಸಿ, ಠಾಣೆಗೆ ತಿಳಿಸಿದ ಮೇಲೇ ಬೀಗದ ಕೈ ಕೊಡೋದು."

ಮಿಲಾಗ್ರಿನಾ ನಂಬಲಿಲ್ಲ. ಆರ್ಸೆನಿಯಾಳ ಮಾತು ಸುಳ್ಳಾಗಲಿ ಎಂದೇ ಮುಂದಿನ ಸಲ ಗಂಟೆ ಹೊಡೆಯುವ ಹೊತ್ತಿಗೇ ವಿಡಿಯೊ ಕರೆ ಮಾಡಿದಳು. ಕೋಣೆ ಕೇಳಿದ್ದ ಡಾರ್ಜಿಲಿಂಗಿನ ಹುಡುಗ ಪೆಂಬಾಗೆ ಮೊದಲು ಸೋರುವ ಮೂಲೆ, ಆಮೇಲೆ ಗೋಡೆಗೆ ತೆರೆಯುವ ಕಿಟಕಿ ತೋರಿಸಿದಳು. "ಹಗಲೂ ಕತ್ತಲೆನೇ," ಎಂದಳು ಸಿಡುಕಿ.

"ಎಲ್ಲೋ ಗಂಟೆ ಕೇಳಿಸ್ತಲ್ಲ? ಗಾಡಿ ಸದ್ದೂ ಇರುತ್ತಾ?" ಎಂದ ಪೆಂಬಾ.

"ಹಿತ್ತಿಲಿಗೆ ಅಷ್ಟು ಕೇಳಲ್ಲ."

"ಹಾಗಾದ್ರೆ ಅದೇ ಬೇಕು ಆಂಟಿ. ನಿಮ್ಮೂರಿನ ಬೇಕರೀಲಿ ಕೆಲಸ ಸಿಕ್ಕಿದೆ, ರಾತ್ರಿಯೆಲ್ಲ ಒಲೆ ಮುಂದೆ ನಿಂತು ಹಗಲು ಮಲಗೋನು ನಾನು. ಆ ಮೂಲೆ ಒಂದು ಸರಿ ಮಾಡಿಸಿ."

ಕಾಯ್ತಾನ್ ಮರುದಿನವೇ ಹಂಚು ಬದಲಿಸಿದ. ಕರಾರು, ಠಾಣೆಯ ಕೆಲಸ ಎಲ್ಲ ಮುಗಿಸಿಕೊಂಡು ಪೆಂಬಾ ಬಂದು ನೆಲೆಸಿದ.

ಮೊನ್ನೆ ಆರ್ಸೆನಿಯಾ ಜಗಲಿಯಿಂದಲೇ ಕೇಳಿದಳು: "ನಿನ್ನ ಹುಡುಗ ದಿನಾ ಬಿಸಿ ಪಾವ್ ತಂದುಕೊಡ್ತಾನಂತೆ? ನನ್ನ ಬಾಡಿಗೆಯವ್ರು ಒಂದು ಬಿಸ್ಕತ್ತೂ ತಂದಿಲ್ಲ." ಆ ದನಿಯೊಳಗಿನ ಉರಿ ಮಿಲಾಗ್ರಿನಾಳಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಅವಳು ಎರಡು ಪಾವ್ ತಂದು ಆರ್ಸೆನಿಯಾಳ ಕೈಗಿಟ್ಟಳು.

ಮನೆ ಬಾಡಿಗೆಗೆ ಕೊಡುವ ಅಕ್ಕಂದಿರೇ, ಅಣ್ಣಂದಿರೇ, ಕಾಣದ ಊರಿನಿಂದ ಬರುವವರಿಗೆ ನಿಮ್ಮ ಮನೆಯನ್ನು ಇದ್ದಂತೆಯೇ ತೋರಿಸಿ, ಸೋರುವ ಮೂಲೆಯನ್ನೂ ಸೇರಿಸಿ. ಅವರು ಯಾರೆಂದು ನೀವೂ ತಿಳಿದುಕೊಳ್ಳಿ. ನಿಮ್ಮ ಕತ್ತಲೆ ಕೋಣೆಯನ್ನೇ ಹುಡುಕುತ್ತಿರುವವರು ಎಲ್ಲೋ ಇದ್ದಾರೆ. ಪಕ್ಕದವರ ಜಗಲಿಯನ್ನು ಪಕ್ಕದವರಿಗೇ ಬಿಡಿ.