ಐವತ್ತೊಂದು ಗಿಡ

“ಬೇರು ಹರೀತಲ್ಲೇ, ಮುಂಡೆ! ಮಣ್ಣಿನ ಸಮೇತ ಎತ್ತು ಅಂತ ಎಷ್ಟು ಸಲ ಬಡ್ಕೊಳ್ಳಲಿ? ಕಣ್ಣೇನು ಸಂತೆಗೆ ಕಳಿಸಿದ್ಯಾ?”

ಕಾಲುವೆಯ ಏರಿಯ ಮೇಲೆ ನಿಂತು ಟೋಪಿ ಸಾಹೇಬ ಕೂಗುತ್ತಿದ್ದ. ಕೆಳಗೆ, ಪಾದ ಮುಳುಗುವ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತ ಲೆಕ್ಕದಕ್ಕ ಕಳೆಗಿಡಗಳನ್ನು ಒಂದೊಂದಾಗಿ ಅಗೆದು ಬುಟ್ಟಿಗೆ ಇಡುತ್ತಿದ್ದಳು. ಐವತ್ತೊಂದು ಬೇಕಿತ್ತು, ಮೂವತ್ತಾಗಿತ್ತು. ಬೆಳಗಿನಿಂದ ಮೊಣಕಾಲು ಅವಳ ಮಾತು ಕೇಳುತ್ತಿರಲಿಲ್ಲ.

ಸಾಹೇಬ ಗುಡ್ಡದ ಗಿಡಗಣತಿಯ ಮೇಲ್ವಿಚಾರಕ. ತಲೆಗೆ ಟೋಪಿ ಹಾಕೋದು ಬಿಸಿಲಿಗೆ, ಊರಿಗೆ ಟೋಪಿ ಹಾಕೋದು ಚಾಳಿಗೆ ಎಂದು ಗುಡ್ಡದ ಬುಡದ ಕೇರಿಯವರು ನಗುತ್ತಿದ್ದರು. ಈಚೆಗೆ ಯಾರೂ ನಗುತ್ತಿರಲಿಲ್ಲ.

ಹತ್ತೊಂಬತ್ತು ವರ್ಷದಿಂದ ಲೆಕ್ಕದಕ್ಕ ಆ ಗುಡ್ಡದ ಮೇಲೆ ಓಲೆಗಿಡ ಎಣಿಸುತ್ತಿದ್ದಳು. ಗೇಣುದ್ದದ ಗಿಡ, ಕಿವಿಯೋಲೆಯ ಹಾಗೆ ತೂಗುವ ಹಳದಿ ಹೂವು, ಮಣ್ಣೊಳಗೆ ಬೆರಳ ತುದಿಯಷ್ಟು ಗಡ್ಡೆ. ಈ ಗುಡ್ಡ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲವಂತೆ. ಗುಡ್ಡದಲ್ಲಿ ಇಪ್ಪತ್ತು ಚೌಕ, ಚೌಕಕ್ಕೆ ನಾಲ್ಕು ಕಬ್ಬಿಣದ ಗೂಟ. ವರ್ಷವರ್ಷವೂ ಮೊದಲ ಮಳೆ ಬಿದ್ದ ಮೇಲೆ ಗೂಟಕ್ಕೆ ಹಗ್ಗ ಬಿಗಿದು, ಮಂಡಿಯೂರಿ, ಗಿಡಕ್ಕೊಂದರಂತೆ ಹರಳುಕಲ್ಲು ಮಡಿಲಿಗೆ ಹಾಕಿಕೊಳ್ಳುತ್ತ ಹೋಗಬೇಕು. ಆಮೇಲೆ ಹರಳು ಸುರಿದರೆ ಸಾಹೇಬ ಎಣಿಸಿ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದ.

ಗಿಡ ಉಳಿಸಬೇಕೆಂದು ಗುಡ್ಡಕ್ಕೆ ಮುಳ್ಳುತಂತಿಯ ಬೇಲಿ ಬಂತು. ದನ ಬರುವುದು ನಿಂತಿತು, ಹುಲ್ಲು ಸೊಂಟದುದ್ದ ಬೆಳೆಯಿತು, ಅದರ ನೆರಳಲ್ಲಿ ಓಲೆಗಿಡ ಉಸಿರುಗಟ್ಟಿತು. ಮೂರು ವರ್ಷದ ಹಿಂದೆ ಇಪ್ಪತ್ತೂ ಚೌಕ ತಡಕಿ ಬಂದು ಖಾಲಿ ಮಡಿಲು ಕೊಡವಿ, “ಒಂದೂ ಇಲ್ಲ ಸಾಮಿ” ಎಂದಿದ್ದಳು.

“ಇಲ್ಲ ಅಂತ ಬರೆದ್ರೆ ಗಣತಿ ನಿಲ್ಲುತ್ತೆ. ಗಣತಿ ನಿಂತ್ರೆ ನಿಂಗೇನು ಕೆಲಸ, ನನ್ನ ಮುಖ ನೋಡ್ಕೊಂಡು ಕೂರೋದಾ? ಒತ್ತು ಬೆರಳು.”

ಅವಳಿಗೂ ಹೊಟ್ಟೆ ಇತ್ತು, ಒತ್ತಿದಳು. ಪುಸ್ತಕದಲ್ಲಿ ನಲವತ್ತು ಗಿಡವಾಯಿತು. ಮರುವರ್ಷ ನಲವತ್ತಾರು, ಹೋದ ವರ್ಷ ನಲವತ್ತೊಂಬತ್ತು. ಈ ವರ್ಷ ಐವತ್ತೊಂದು. ಪುಸ್ತಕದೊಳಗೆ ಗಿಡಕ್ಕೆ ಒಳ್ಳೆ ಗೊಬ್ಬರ ಬಿದ್ದಿತ್ತು.

ಆಮೇಲೆ ಕೇರಿಯ ಗೋಡೆಗೆ ನೋಟೀಸು ಅಂಟಿತು. ಅಪರೂಪದ ಗಿಡ ಹೆಚ್ಚುತ್ತಿದೆ, ಅದರ ರಕ್ಷಣೆಗಾಗಿ ಬುಡದ ಮೂವತ್ತು ಮನೆಗಳನ್ನು ಎತ್ತಿಸಬೇಕು. ಇಲ್ಲದ ಗಿಡಕ್ಕೆ ಇದ್ದ ಮನೆಗಳು ಅಡ್ಡ ಬಂದಿದ್ದವು. ರುಜು ಹಾಕುವ ಮುಂಚೆ ಇಲಾಖೆಯ ದೊಡ್ಡ ಮೇಡಂ ಗಿಡವನ್ನು ಕಣ್ಣಾರೆ ನೋಡಲು ನಾಳೆ ಬರುವವರಿದ್ದರು. ಅದಕ್ಕೇ ಈ ಕಾಲುವೆ ಕಳೆ. ಎಲೆ, ಹೂವು ಎಲ್ಲ ಥೇಟ್ ಓಲೆಗಿಡವೇ. ಗಡ್ಡೆ ಮಾತ್ರ ಇಲ್ಲ.

“ಬಾಯಿ ಹೊಲ್ಕೊಂಡಿರು,” ಎಂದ ಸಾಹೇಬ, ದನಿ ತಗ್ಗಿಸಿ. “ಬೇಲಿ ಒಳಗಿನ ಕಾವಲು ಗುಡಿಸಲು ನಿಂಗೇ ಬಿಡಿಸಿಕೊಡ್ತೀನಿ. ಸೊಸೇನೂ ಕರ್ಕೊಂಡು ತಣ್ಣಗೆ ಇರು.”

ಸಂಜೆಯೊಳಗೆ ಐವತ್ತೊಂದನ್ನೂ ಮೊದಲನೇ ಚೌಕದಲ್ಲಿ ನೆಟ್ಟು ಮನೆಗೆ ಬಂದಳು. ನೋಟೀಸು ಬಂದಾಗಿನಿಂದ ಸೊಸೆ ಅವಳೊಡನೆ ಮಾತು ಬಿಟ್ಟಿದ್ದಳು. ತಟ್ಟೆಯನ್ನು ನೆಲಕ್ಕೆ ಕುಕ್ಕಿ ಒಲೆಯ ಕಡೆ ತಿರುಗಿ ಕೂರುತ್ತಿದ್ದಳು. ಗುಡಿಸಲಿನ ವಿಷಯ ಕೇಳಿದ ಮೇಲೆ ಬಾಯಿ ತೆರೆದಳು.

“ಮೂವತ್ತು ಮನೆ ಬೀದಿಗೆ ಬೀಳ್ಲಿ, ನಾವಿಬ್ರು ಗುಡಿಸಲಲ್ಲಿ ಮೆರೆಯೋಣ, ಅಲ್ವಾ? ಬೆರಳು ಒತ್ತಿದ್ದು ನೀವು. ನೀವೇ ಹೋಗಿ ಇರಿ. ನಾನು ಎಲ್ಲರ ಜೊತೆ ಹೋಗ್ತೀನಿ.”

“ನಿನ್ನ ಮುಖಕ್ಕೇ ಕಣೇ ಒತ್ತಿದ್ದು! ತಟ್ಟೇಲಿ ಬೀಳೋದು ಎಲ್ಲಿಂದ ಬರ್ತಿತ್ತು?” ಎಂದು ಲೆಕ್ಕದಕ್ಕ ರೇಗಿದಳು. ರೇಗಿದರೂ ಸೊಸೆಯ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಜೀಪು ಬಂತು, ಜೊತೆಗೆ ಲಾಠಿ ಹಿಡಿದ ನಾಲ್ಕೈದು ಗಾರ್ಡುಗಳು. ದೊಡ್ಡ ಮೇಡಮ್ಮಿಗೆ ಸಾಹೇಬನೇ ಕೊಡೆ ಹಿಡಿದ. ಇಡೀ ಕೇರಿ ಬೇಲಿಯ ಆಚೆ ನಿಂತಿತ್ತು, ಸೊಸೆಯೂ ಇದ್ದಳು. ಮೇಡಂ ಬಗ್ಗಿ ಫೋನಿನಲ್ಲಿ ಹೂವಿನ ಫೋಟೋ ತೆಗೆದರು. ಅವರ ಕಣ್ಣಲ್ಲಿ ನಿಜಕ್ಕೂ ನೀರಾಡಿತು.

“ಎಣಿಸೋದು ನೀವೇ ಏನಮ್ಮಾ? ಹತ್ತೊಂಬತ್ತು ವರ್ಷ! ಎಲ್ಲಿ, ಎಣಿಸಿ ತೋರಿಸಿ.”

ಲೆಕ್ಕದಕ್ಕ ಮಂಡಿಯೂರಿದಳು. ಮೊಣಕಾಲು ಲಟಕ್ಕೆಂದಿತು. ಮೂಲೆಯಿಂದ ಶುರುಮಾಡಿ ಒಂದೊಂದೇ ಗಿಡ ಮುಟ್ಟುತ್ತ ಹೋದಳು. ಅತ್ತ ಮೇಡಂ ಬೇಲಿಯ ಕಡೆ ತಿರುಗಿ, ಮಕ್ಕಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು:

“ಬೇಜಾರು ಮಾಡ್ಕೋಬೇಡಿ. ಈ ಗಿಡಕ್ಕೆ ಇದು ಬಿಟ್ರೆ ಬೇರೆ ನೆಲ ಇಲ್ಲ. ನೀವಾದ್ರೆ ಎಲ್ಲಿ ಬೇಕಾದ್ರೂ ಬದುಕ್ತೀರ.”

ಲೆಕ್ಕದಕ್ಕನ ಬೆರಳು ಹನ್ನೆರಡನೇ ಗಿಡದ ಮೇಲಿತ್ತು. ಇಷ್ಟು ದಿನ ಅವಳಿಗೆ ಬರೀ ಸುಸ್ತಾಗುತ್ತಿತ್ತು. ಈಗ ಸಿಟ್ಟು ಬಂತು, ಎಲ್ಲಿತ್ತೋ ಅಷ್ಟೊಂದು ಸಿಟ್ಟು. ಬುಡಕ್ಕೆ ಕೈ ಹಾಕಿ ಗಿಡ ಕಿತ್ತಳು.

“ನೋಡಿ ತಾಯಿ, ಎಲ್ಲಿದೆ ಗಡ್ಡೆ? ಇದು ಕಾಲುವೆ ಕಳೆ. ನಿನ್ನೆ ನಾನೇ ನೆಟ್ಟಿದ್ದು. ಇವ್ನು ನೆಡಿಸಿದ್ದು, ಈ ಬೋಳಿಮಗ! ಗುಡ್ಡದಲ್ಲಿ ಆ ಗಿಡ ಸತ್ತು ಮೂರು ವರ್ಷ ಆಯ್ತು. ನಾನು ಸುಳ್ಳಿಗೆ ಬೆರಳು ಒತ್ತಿದೀನಿ, ತಪ್ಪು ನಂದೂ ಇದೆ. ನೋಡಿ, ಇದಕ್ಕೂ ಇಲ್ಲ. ಇದಕ್ಕೂ ಇಲ್ಲ.”

ಕಿತ್ತು ಕಿತ್ತು ಮೇಡಮ್ಮಿನ ಬೂಟಿನ ಮುಂದೆ ಎಸೆದಳು. ಬಿತ್ತಿದ ಹೊಲದ ಕಳೆಯನ್ನೂ ಅವಳು ಅಷ್ಟು ಬೇಗ ಕಿತ್ತವಳಲ್ಲ. ಗಾರ್ಡು ಬಂದು ರಟ್ಟೆ ಹಿಡಿಯುವಷ್ಟರಲ್ಲಿ ಐವತ್ತೊಂದೂ ನೆಲದ ಮೇಲೆ ಬಿದ್ದಿದ್ದವು.

ಟೋಪಿ ಸಾಹೇಬನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಕೊಡೆಯನ್ನು ಮೇಡಮ್ಮಿನ ತಲೆಯ ಮೇಲೆ ನೆಟ್ಟಗೆ ಹಿಡಿದ.

“ನೋಡಿದ್ರಾ ಮೇಡಂ? ಈ ಜನಾನೇ ಹೀಗೆ. ಅದಕ್ಕೇ ಇವರನ್ನ ಎತ್ತಿಸಿ ಅಂತ ನಾನು ಹೇಳಿದ್ದು.”

ಮೇಡಂ ಬೇರುಗಳನ್ನು ನೋಡಲಿಲ್ಲ, ಹೂವುಗಳನ್ನು ನೋಡಿದರು. ಸಾಹೇಬನಿಂದ ಪುಸ್ತಕ ಇಸಿದುಕೊಂಡು ತಾವೇ ಬರೆದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು: “ಐವತ್ತೊಂದು ಗಿಡ, ಸ್ಥಳೀಯರಿಂದ ನಾಶ.”

“ಅಯ್ಯೋ ನಿಮ್ಮ ಓದಿಗೆ ಬೆಂಕಿ ಹಾಕ!” ಎಂದಳು ಲೆಕ್ಕದಕ್ಕ. ಗಾರ್ಡಿನ ಹಿಡಿತದಲ್ಲೇ ಬೇಲಿಯ ಕಡೆ ತಿರುಗಿ ಕೂಗಿದಳು, “ಏನ್ರೋ ಗರ ಬಡಿದ ಹಾಗೆ ನಿಂತಿದೀರಾ? ಬನ್ರೋ ಒಳಗೆ! ಇನ್ನೂ ಹತ್ತೊಂಬತ್ತು ಚೌಕ ಇದೆ. ಒಂದು ಗಿಡ ತೋರಿಸ್ಲಿ ಇವ್ರು, ನಾಳೇನೇ ಮನೆ ಬಿಡೋಣ. ಬನ್ರೋ, ಎಣಿಸ್ರೋ!”

ಯಾರೂ ಅಲುಗಲಿಲ್ಲ. ಆಮೇಲೆ ಸೊಸೆ ಕೆಳಗಿನ ತಂತಿ ಎತ್ತಿ ನುಸುಳಿದಳು. ಅವಳ ಹಿಂದೆ ಪಕ್ಕದ ಮನೆಯ ಮುದುಕ, ಮುದುಕನ ಹಿಂದೆ ಹತ್ತಾರು ಮಂದಿ. ಜನ ಗುಡ್ಡದ ತುಂಬ ಹರಡಿ, ಗೂಟ ಹುಡುಕಿ, ಹುಲ್ಲು ಸರಿಸಿ ಕೂತರು. “ಇಲ್ಲಿಲ್ಲ!” ಎಂದು ಒಂದು ಕಡೆಯಿಂದ ಕೂಗು ಬಂತು. “ಇಲ್ಲೂ ಇಲ್ಲ!” ಎಂದು ಇನ್ನೊಂದು ಕಡೆಯಿಂದ. ಗಾರ್ಡುಗಳು ಲಾಠಿ ಹಿಡಿದು ಚೌಕದಿಂದ ಚೌಕಕ್ಕೆ ಓಡುತ್ತಿದ್ದರು. ಮೇಡಂ ಜೀಪು ಹತ್ತಿ ಕಿಟಕಿ ಏರಿಸಿಕೊಂಡರು.

ಎಂಟನೇ ಚೌಕದಲ್ಲಿ ಸೊಸೆ ಮಂಡಿಯೂರಿದ್ದಳು. ಹುಲ್ಲು ಸರಿಸುತ್ತಿದ್ದ ಅವಳ ಕೈಯ ಮೇಲೆ ಲಾಠಿ ಬಿತ್ತು. ಅವಳು ಕೈ ತೆಗೆಯಲಿಲ್ಲ, ಇನ್ನೊಂದು ಮೂಲೆಯವರೆಗೂ ತಡಕಿ ನೋಡಿದಳು.

“ಇಲ್ಲೂ ಇಲ್ಲ, ಅತ್ತೇ,” ಎಂದು ಕೂಗಿದಳು.