ಹಿಂದಿನ ಬೆಂಚಿನ ಬಲಗೈ

ಪಾಠ ಮಾಡುವುದನ್ನು ನಿಜವಾಗಿ ಬಲ್ಲವರು ಇದನ್ನು ಓದುತ್ತಿದ್ದರೆ ಮೊದಲೇ ಕ್ಷಮೆ ಕೇಳಿಬಿಡಬೇಕು. ತರಗತಿಯ ಒಳಗೆ ನಡೆದದ್ದನ್ನು ಹೊರಗಿನವರು ಹೇಳಲು ಹೊರಡುವುದು ಅಧಿಕಪ್ರಸಂಗವೇ. ಆದರೂ ಹೇಳದೆ ಇರಲಾಗುತ್ತಿಲ್ಲ.

ಕಿಟಕಿಗಳಿಗೆ ಹಳೆಯ ಬೆಡ್‌ಶೀಟು ಕಟ್ಟಿ ಕತ್ತಲು ಮಾಡಿದ್ದರು. ಟಾರ್ಚಿನ ಬೆಳಕಿಗೆ ಸ್ಟೀಲ್ ಲೋಟದ ನೆರಳು ಗೋಡೆಯ ಮೇಲೆ ಡ್ರಮ್ಮಿನಷ್ಟು ದೊಡ್ಡದಾಗಿ ಬಿದ್ದಿತ್ತು. ಟಾರ್ಚು ಹಿಡಿದು ಪಾಠ ಮಾಡುತ್ತಿದ್ದವಳು ಅತ್ತಿತ್ತ ಸರಿದಾಗಲೆಲ್ಲ ಗೋಡೆಯ ಲೋಟವೂ ಸರಿಯುತ್ತಿತ್ತು.

"ಮಕ್ಕಳೇ, ಈಗ ನಾನು ಟಾರ್ಚ್ ಆರಿಸಿದ್ರೆ ಈ ನೆರಳು ಎಲ್ಲಿಗೆ ಹೋಗುತ್ತೆ?"

ಒಂದೇ ಏಟಿಗೆ ತರಗತಿಯ ಅಷ್ಟೂ ಕೈಗಳು ಮೇಲೆದ್ದವು. ಹಿಂದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಪರೀಕ್ಷಕರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ನೋಡಿದರು. ಅವರ ಮುಖ ಅರಳಿತು.

ಸಂಜೆ ಕಾಲೇಜಿನ ಶಿಕ್ಷಕ ತರಬೇತಿಯಲ್ಲಿ ಅವಳೇ ಎಲ್ಲರಿಗಿಂತ ದೊಡ್ಡವಳು. ಹಾಗಾಗಿ 'ಅಕ್ಕ' ಎಂಬ ಹೆಸರು ಅಂಟಿಕೊಂಡಿತ್ತು. ಹಿಂದಿನ ವರ್ಷ ಇದೇ ಅಂತಿಮ ಪಾಠದಲ್ಲಿ ಅವಳು ನಪಾಸಾಗಿದ್ದಳು. ಪಾಠವೇನೋ ಚೆನ್ನಾಗಿಯೇ ಇತ್ತಂತೆ, ಆದರೆ ಅರ್ಧ ಮಕ್ಕಳು ಸುಮ್ಮನೆ ಕುಳಿತಿದ್ದರು. ಈಗೆಲ್ಲ ಮಗುವೇ ಕೇಂದ್ರ, ಚಟುವಟಿಕೆಯೇ ಪಾಠ. ಎಲ್ಲ ಮಕ್ಕಳೂ ಭಾಗವಹಿಸಬೇಕು, ಅದಕ್ಕೇ ಬೇರೆ ಅಂಕ. ಈ ಸಲವೂ ತಪ್ಪಿದರೆ ಕಾಲೇಜು ಮತ್ತೊಂದು ಅವಕಾಶ ಕೊಡುವುದಿಲ್ಲ. ಬೆಳಿಗ್ಗೆ ಅವಳು ತಿಂಡಿ ತಟ್ಟೆಯನ್ನು ಮುಟ್ಟದೆ ಎದ್ದಾಗ ಅತ್ತೆ ಅಂದಿದ್ದರು: "ಮಕ್ಕಳೇನು ಹುಲಿನಾ? ನನ್ನ ಎದುರು ನಿಂತು ವಾದ ಮಾಡೋಳು ನೀನು, ಅವರಿಗೆ ಹೆದರ್ತೀಯಲ್ಲೇ!"

ಉಪಾಯ ಹೇಳಿಕೊಟ್ಟವಳು ಅದೇ ಶಾಲೆಗೆ ಅಭ್ಯಾಸ ಪಾಠಕ್ಕೆ ಬಂದಿದ್ದ ಕಿರಿಯ ಗೆಳತಿ.

"ಅಕ್ಕ, ಪೆದ್ದಿ ಥರ ಆಡ್ಬೇಡ. ಪ್ರಶ್ನೆ ಕೇಳಿದ ತಕ್ಷಣ ಎಲ್ರೂ ಕೈ ಎತ್ತಬೇಕು ಅಂತ ಹೇಳಿಡು. ಗೊತ್ತಿದ್ದೋರು ಬಲಗೈ, ಗೊತ್ತಿಲ್ಲದೋರು ಎಡಗೈ. ನೀನು ಬಲಗೈಯೋರನ್ನ ಮಾತ್ರ ಕೇಳು."

"ಅದು ಮೋಸ ಅಲ್ವೇನೇ?"

"ಮೋಸ ಅಲ್ಲ, ನಮ್ಮ ಸೀನಿಯರ್‌ಗಳು ಬಿಟ್ಟುಹೋದ ಆಸ್ತಿ!"

ಮಕ್ಕಳಿಗೆ ಅದು ಆಟವಾಯಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿಗೆ ಮಾತ್ರ ಆಟವಾಗಲಿಲ್ಲ. ಬಾಯಿಯೇ ಬಿಡದ ಅವಳನ್ನು ಎಲ್ಲರೂ 'ಗುಮ್ಮಿ' ಎನ್ನುತ್ತಿದ್ದರು. ಎಷ್ಟು ಅಭ್ಯಾಸ ಮಾಡಿಸಿದರೂ ಅವಳದು ಎಡಗೈಯೇ. ಅಕ್ಕ ಅವಳನ್ನು ಬಿಡಲಿಲ್ಲ. ಊಟದ ಬಿಡುವಿನಲ್ಲಿ ಅವಳ ಪಕ್ಕ ಕುಳಿತು, ತನ್ನ ಡಬ್ಬಿಯಿಂದ ಒಂದಿಷ್ಟು ಹಂಚಿ ತಿಂದು, ಏನೇನೋ ಹರಟಿ, ಒಂದು ದಿನ ಹೇಳಿದ್ದಳು: "ನೋಡು ಪುಟ್ಟಿ, ನಿಂಗೆ ಹೇಳ್ಬೇಕು ಅನ್ಸಿದ ದಿನ ಬಲಗೈ ಎತ್ತು. ಆವತ್ತು ನಾನು ಬೇರೆ ಯಾರನ್ನೂ ಕೇಳಲ್ಲ, ನಿನ್ನನ್ನೇ ಕೇಳ್ತೀನಿ. ಆಯ್ತಾ?"

ಹುಡುಗಿ ಆಗಲಿ ಎನ್ನುವಂತೆ ತಲೆ ಅಲ್ಲಾಡಿಸಿತ್ತು.

ಈಗ ಆ ಅರೆಗತ್ತಲಲ್ಲಿ, ಪರೀಕ್ಷಕರ ಮೊಣಕಾಲಿಗೆ ತಾಗುವಷ್ಟು ಹತ್ತಿರದ ಬೆಂಚಿನಿಂದ, ಗುಮ್ಮಿಯ ಬಲಗೈ ಮೇಲೆದ್ದಿತ್ತು.

ಅಕ್ಕ ಅದನ್ನು ಕಂಡಳು. ಚಪ್ಪಲಿಯನ್ನೇ ಅದಲುಬದಲು ಹಾಕಿಕೊಂಡು ಬರುವ ಹುಡುಗಿ. ಇವತ್ತು ಕೈಯನ್ನೂ ಅದಲುಬದಲು ಮಾಡಿಕೊಂಡಿರಬಹುದಲ್ಲ? ಕರೆದ ಮೇಲೆ ಎದ್ದು ನಿಂತು ಬಾಯಿ ಬಿಡದಿದ್ದರೆ? ಹುಡುಗಿಯ ಕಣ್ಣುಗಳು ನೇರವಾಗಿ ಅವಳನ್ನೇ ನೋಡುತ್ತಿದ್ದವು. ಪರೀಕ್ಷಕರ ಪೆನ್ನು ಕಾಯುತ್ತಿತ್ತು.

"ಹೂಂ, ನೀನು ಹೇಳಪ್ಪ," ಎಂದಳು ಅಕ್ಕ, ಮುಂದಿನ ಬೆಂಚಿನಲ್ಲಿ ಸದಾ ವಟಗುಟ್ಟುವ, ಎಲ್ಲರೂ 'ರೇಡಿಯೋ' ಎನ್ನುವ ಹುಡುಗನ ಕಡೆ ಬೆರಳು ಮಾಡಿ.

ರೇಡಿಯೋ ಅರಳು ಹುರಿದ ಹಾಗೆ ಒಪ್ಪಿಸಿದ: "ಬೆಳಕು ಇಲ್ಲದಿದ್ದರೆ ನೆರಳೂ ಇರುವುದಿಲ್ಲ, ಮಿಸ್. ಯಾಕೆಂದರೆ ಬೆಳಕಿಗೆ ವಸ್ತು ಅಡ್ಡ ಬಂದಾಗ ಮಾತ್ರ..."

ಎಲ್ಲರೂ ಕೈ ಇಳಿಸಿದರು. ಒಂದು ಕೈ ಇಳಿಯಲಿಲ್ಲ. ನೋಯುತ್ತಿತ್ತೇನೋ, ಗುಮ್ಮಿ ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡು ಹಾಗೆಯೇ ಹಿಡಿದುಕೊಂಡಿತ್ತು. "ಭೇಷ್! ಇವನಿಗೆ ಎಲ್ಲರೂ ಚಪ್ಪಾಳೆ ತಟ್ಟಿ," ಎಂದಳು ಅಕ್ಕ. ಚಪ್ಪಾಳೆಗಾಗಿ ಆ ಕೈಯೂ ಕೆಳಗಿಳಿಯಿತು.

ಪಾಠ ಮುಗಿದ ಮೇಲೆ ಪರೀಕ್ಷಕರು ಬೆನ್ನು ತಟ್ಟುವುದೊಂದು ಬಾಕಿ. "ಇವತ್ತಿನ ಶಿಕ್ಷಣಕ್ಕೆ ಬೇಕಾಗಿರೋದು ಇದೇ ಕಣಮ್ಮ. ಒಂದು ಮಗುನೂ ಹಿಂದೆ ಬೀಳಲಿಲ್ಲ ನೋಡು." ಕಾರಿಡಾರಿನಲ್ಲಿ ಗೆಳತಿ ಓಡಿಬಂದು ತಬ್ಬಿಕೊಂಡಳು: "ಗೆದ್ಬಿಟ್ಟೆ ಕಣಕ್ಕ! ಇನ್ಮೇಲೆ ನೀನು ಗಟ್ಟಿ ಟೀಚರು!" ಅಕ್ಕ ನಕ್ಕಳು. ಕಣ್ಣು ಹಿಂದಿನ ಬೆಂಚಿನ ಹುಡುಗಿಯನ್ನು ಹುಡುಕುತ್ತಿತ್ತು.

ನಲ್ಲಿಯ ಹತ್ತಿರ ಗುಮ್ಮಿ ಡಬ್ಬಿ ತೊಳೆಯುತ್ತಿತ್ತು. ಅಕ್ಕ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳು.

"ಪುಟ್ಟಿ, ಆಗ ಏನ್ ಹೇಳ್ಬೇಕು ಅಂತಿದ್ದೆ?"

"ಏನಿಲ್ಲ ಮಿಸ್."

"ಈಗ ಹೇಳಮ್ಮ. ನಾನು ಕೇಳ್ತೀನಿ. ಯಾರೂ ಇಲ್ಲ."

ಹುಡುಗಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿತು. ಫ್ರಾಕಿಗೆ ಕೈ ಒರೆಸಿಕೊಂಡಿತು. ಆಮೇಲೆ ಅದಾಗಿಯೇ ಕೇಳಿತು: "ನೀವು ಪಾಸಾದ್ರಾ ಮಿಸ್?"

"ಹೂಂ."

"ನಾನು ಸುಮ್ನೆ ಕೂತಿದ್ದಕ್ಕೆ ಅಲ್ವಾ?"

ಮಾತಿನಲ್ಲಿ ಕೊಂಕಿರಲಿಲ್ಲ. ಸಹಾಯ ಮಾಡಿದವರು ಅದು ಉಪಯೋಗಕ್ಕೆ ಬಂತೇ ಎಂದು ಕೇಳುವಂತೆ ಕೇಳಿತ್ತು. ಗಂಟೆ ಹೊಡೆಯಿತು. ಹುಡುಗಿ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಓಡಿತು.

ಅಭ್ಯಾಸ ಪಾಠಗಳು ಅಂದಿಗೆ ಮುಗಿದಿದ್ದವು. ಟಾರ್ಚ್ ಆರಿಸಿದರೆ ನೆರಳು ಎಲ್ಲಿಗೆ ಹೋಗುತ್ತದೆಂದು ಆ ಹುಡುಗಿ ಹೇಳಬೇಕೆಂದಿದ್ದಳೋ, ಗೊತ್ತಿಲ್ಲ. ಮತ್ತೆ ಯಾವ ಟೀಚರ ಮುಂದಾದರೂ ಕೈ ಎತ್ತಿದಳೋ ಇಲ್ಲವೋ, ಅದೂ ಗೊತ್ತಿಲ್ಲ.